ಆಯ್ತು ಅಂದ ಮೇಲಿನ ಫೋಟೋ

"ಅಂಜಿನಯ್ಯನೋರೇ, ಚೇತನಾಗೆ ಫೋಟೋ ತೆಗೆಯೋದು ಹೇಳ್ಕೊಟ್ಟಿದ್ದು ನೀವೇ ಅಲ್ವಾ?" ಎಂದು ಈಗ ಎಲ್ಲರೂ ಕೇಳುತ್ತಾರೆ. ಹೇಳಿಕೊಡುವುದಿರಲಿ, ವಿಜಯನಗರದ ನನ್ನ ಸ್ಟುಡಿಯೋದಿಂದ ಅವಳನ್ನು ಓಡಿಸಲು ಹೊರಟವನೇ ನಾನು.

2003ರ ಮಾತು. ಚೇತನಾ ಆಗಷ್ಟೇ ನನ್ನಲ್ಲಿ ಸಹಾಯಕಿಯಾಗಿ ಸೇರಿದ್ದಳು. ಗಿರಾಕಿ ಬಿಗಿದುಕೊಂಡು ಕೂತಾಗ ಅವಳು ಒಂದು ಫೋಟೋ ತೆಗೆಯುವಳು. 'ಆಯ್ತು' ಎಂದ ಕೂಡಲೇ ಅವರು ಉಸಿರು ಬಿಟ್ಟು ಮೈ ಸಡಿಲಿಸುತ್ತಾರಲ್ಲ, ಆಗ ಇನ್ನೊಂದು. "ಜನ ನಿಜವಾಗ್ಲೂ ಕಾಣೋದು ಆವಾಗ್ಲೇ ಸಾರ್" ಎನ್ನುವಳು. ರೀಲು ಯಾರಪ್ಪನದು? ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಇನ್ಮೇಲೆ ಒಬ್ರಿಗೆ ಒಂದೇ ಕ್ಲಿಕ್. ಎರಡನೇದು ಒತ್ತಿದ್ರೆ ಮನೆಗೆ ಹೋಗ್ತಾ ಇರು" ಎಂದೆ.

ಮರುದಿನವೇ ಮೂಡಲಪಾಳ್ಯದಲ್ಲಿ ಹೂವು ಮಾರುವ ನರಸಮ್ಮ ಬಂದರು. ವಯಸ್ಸು ಎಪ್ಪತ್ತು. ತಾನು ಹೋದ ಮೇಲೆ ಗೋಡೆಗೆ ಹಾಕಲು ಒಳ್ಳೆಯ ಫೋಟೋ ಬೇಕಿತ್ತು. ಇಲ್ಲದಿದ್ದರೆ ಮಕ್ಕಳು ರೇಷನ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿಬಿಡುತ್ತಾರೆ ಎಂಬ ಚಿಂತೆ ಅವರಿಗೆ. ಸೆರಗು ಸರಿಮಾಡಿಕೊಂಡು ವಿಗ್ರಹದ ಹಾಗೆ ಕೂತರು. ಫ್ಲ್ಯಾಶ್ ಮಿಂಚಿತು.

"ಆಯ್ತು ಅಜ್ಜಿ" ಎಂದಳು ಚೇತನಾ.

"ಇಷ್ಟೇನಾ? ಇದಕ್ಕಾ ನಾನು ಬೆಳಿಗ್ಗೆಯಿಂದ ಎಲೆ ಅಡಿಕೆ ಬಿಟ್ಟು ಕೂತಿದ್ದು?" ಅಜ್ಜಿ ಉಳಿದ ನಾಲ್ಕು ಹಲ್ಲೂ ಕಾಣುವಂತೆ ನಕ್ಕರು. ಕ್ಲಿಕ್ ಸದ್ದಾಯಿತು.

ಅಜ್ಜಿ ಹೋದ ಮೇಲೆ, "ನಾಳೆಯಿಂದ ಬರ್ಬೇಡ" ಎಂದೆ.

"ಒಂದೇ ಕ್ಲಿಕ್ ಸಾರ್. ಮೊದಲು ಬರೀ ಫ್ಲ್ಯಾಶ್ ಬಟನ್ ಒತ್ತಿದ್ದು."

ಅಂದರೆ ಇದ್ದದ್ದು ಆ ನಗುವ ಫೋಟೋ ಒಂದೇ. ಹಾರ ಹಾಕುವ ಫೋಟೋದಲ್ಲಿ ಯಾರಾದರೂ ಹಲ್ಲು ಬಿಡುತ್ತಾರೆಯೇ? ಅಜ್ಜಿ ಒಪ್ಪದಿದ್ದರೆ ತಾನೇ ಕೆಲಸ ಬಿಡುತ್ತೇನೆ ಎಂದಳು. ಆಗಲಿ ಎಂದೆ.

ಎರಡು ದಿನ ಬಿಟ್ಟು ಬಂದ ನರಸಮ್ಮ ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಚೇತನಾಳ ಮುಖ ಬಿಳಚಿಕೊಂಡಿತ್ತು.

"ಇದೇ ಇರ್ಲಿ ಕಣವ್ವ. ಹಿಂಗೆ ನಗೋ ಈ ಫೋಟೋದವಳ್ನ ನೋಡಿದ್ರೆ ಹಾರ ಹಾಕೋಕೆ ಯಾರಿಗೂ ಕೈ ಬರಲ್ಲ."

ಸೋತು ಖುಷಿಪಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅಂದಿನಿಂದ ಅವಳಿಗೆ ಎಷ್ಟು ಕ್ಲಿಕ್ಕಿಗಾದರೂ ಅಪ್ಪಣೆ ಕೊಟ್ಟೆ.

2009ರಲ್ಲಿ ಅವಳ ಅಂಥ ಅರವತ್ತು ಫೋಟೋಗಳ ಪ್ರದರ್ಶನ ನಡೆಯಿತು. ಬಾಗಿಲ ಎದುರಿಗೇ ಆಳೆತ್ತರದ ನರಸಮ್ಮ ನಗುತ್ತಿದ್ದರು. ಒಂದು ಮಾರು ಮಲ್ಲಿಗೆ ಹಿಡಿದು ಸಾಕ್ಷಾತ್ ನರಸಮ್ಮನೂ ಬಂದರು. ಎಲ್ಲಿ ಫೋಟೋಗೆ ಹಾಕಿಬಿಡುತ್ತಾರೋ ಎಂದು ನನಗೆ ಗಾಬರಿ.

"ಅದಕ್ಕಿನ್ನೂ ಟೈಮೈತೆ" ಎಂದವರೇ ಚೇತನಾಳನ್ನು ಬಗ್ಗಿಸಿ ಜಡೆಗೆ ಮುಡಿಸಿದರು.

ನಾನು ಇಬ್ಬರನ್ನೂ ಆ ಫೋಟೋದ ಮುಂದೆ ನಿಲ್ಲಿಸಿ ಕ್ಯಾಮೆರಾ ಎತ್ತಿದೆ. ಇಬ್ಬರೂ ಬಿಗಿದುಕೊಂಡು ನಿಂತರು. ಬರೀ ಫ್ಲ್ಯಾಶ್ ಬಿಟ್ಟು, "ಆಯ್ತು" ಎಂದೆ. ಚೇತನಾಗೆ ಗೊತ್ತಾಗಿಹೋಯಿತು, ನಕ್ಕಳು. ಅವಳನ್ನು ನೋಡಿ ಅಜ್ಜಿಯೂ ನಕ್ಕರು. ಆಗ ಒತ್ತಿದೆ.