ದೆಹಲಿಗೆ ಬನ್ನಿ ಎಂದವರು

ಭದ್ರಾವತಿಯ ಕಾರ್ಖಾನೆ ಗೇಟಿನ ಎದುರಿನ ರಸ್ತೆಯಲ್ಲಿ ಲಾರಿಗಳಿಗೆ ಬಿಡುವೆಂಬುದಿಲ್ಲ. ಬಿದಿರು ಹೊತ್ತುಕೊಂಡು ಒಂದು ಬಂದರೆ, ಅದರ ಬಾಲ ಹಿಡಿದುಕೊಂಡು ಕಬ್ಬಿಣ ಹೊತ್ತ ಇನ್ನೊಂದು ಬರುತ್ತದೆ. ಅಲ್ಲಿನ ಮಕ್ಕಳು ನಡೆಯಲು ಕಲಿಯುವ ಮೊದಲೇ ಹಾರ್ನ್ ಕೇಳಿ ಪಕ್ಕಕ್ಕೆ ಸರಿಯಲು ಕಲಿಯುತ್ತಾರೆ ಎಂದು ರಸ್ತೆ ಬದಿಯ ವಠಾರದವರು ತಮಾಷೆ ಮಾಡುತ್ತಾರೆ. ಆ ತಮಾಷೆಗೆ ಸಮತಾ ಮಾತ್ರ ನಗುತ್ತಿರಲಿಲ್ಲ. ಅವಳ ಮಗಳು ಇಂಪನಾಳಿಗೆ ಹಾರ್ನ್ ಕೇಳಿಸುತ್ತಿರಲಿಲ್ಲ.

ಮಗುವಿಗೆ ಐದು ವರ್ಷ. ಡಾಕ್ಟರು ಪರೀಕ್ಷೆ ಮಾಡಿ, ಇಂಥದ್ದೇ ಕಿವಿ ಮೆಷಿನ್ ಹಾಕಿಸಿ, ಇಲ್ಲದಿದ್ದರೆ ಮಾತು ಕಲಿಯುವ ವಯಸ್ಸು ದಾಟಿ ಹೋಗುತ್ತದೆ ಎಂದು ಹೆಸರು ಬರೆದುಕೊಟ್ಟಿದ್ದರು. ಸಮತಾಳ ಗಂಡ ಕಾಂತರಾಜ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಅವನು ಸೈಬರ್ ಸೆಂಟರಿಗೆ ಹೋಗಿ, ದೆಹಲಿಯ ಒಂದು ಕಂಪನಿಯ ವೆಬ್‌ಸೈಟಿನಲ್ಲಿ ಅದೇ ಮೆಷಿನ್ ಹುಡುಕಿಸಿ ಆರ್ಡರ್ ಹಾಕಿದ. ದುಡ್ಡಿಗೆ ಭದ್ರಾವತಿಯ ಬ್ಯಾಂಕಿನಲ್ಲಿ ಡಿ.ಡಿ. ತೆಗೆಸಿ ಕಳಿಸಿದ. ಇದು ಎರಡು ಸಾವಿರದ ಏಳನೇ ಇಸವಿಯ ಮಾತು. ಕಂಪ್ಯೂಟರಿನಲ್ಲಿ ಸಾಮಾನು ಕೊಳ್ಳುವುದೇ ಆಗ ಒಂದು ದೊಡ್ಡಸ್ತಿಕೆ.

ವಿಳಾಸದ ಜಾಗದಲ್ಲಿ ಮಾತ್ರ ಅವನು ವಠಾರದ ವಿಳಾಸ ಬರೆಸಲಿಲ್ಲ. ಅಲ್ಲಿ ಯಾರೂ ಬರೆಸುತ್ತಿರಲಿಲ್ಲ. ಮನೆಗೆ ನಂಬರಿಲ್ಲ, ಎಲ್ಲರೂ ಶಿಫ್ಟಿನ ಮೇಲಿರುತ್ತಾರೆ, ಕೊರಿಯರಿನವನು ಒಂದು ಸುತ್ತು ಹುಡುಕಿ ವಾಪಸ್ ಹೋಗುತ್ತಾನೆ. ಆದ್ದರಿಂದ ಶಿವಮೊಗ್ಗದಲ್ಲಿ ಅಂಗಡಿ ಇಟ್ಟಿರುವ ನೆಂಟರ ವಿಳಾಸ ಕೊಡುವುದು ವಠಾರದ ವಾಡಿಕೆ. ಕಾಂತರಾಜನ ಅಕ್ಕನ ಗಂಡ ಪ್ರಕಾಶನಿಗೆ ಸವಳಂಗ ರಸ್ತೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅಂಗಡಿ ಇತ್ತು. ಆ ಅಂಗಡಿಯ ವಿಳಾಸವನ್ನೇ ತನ್ನ ಮನೆ ಎಂದು ಹಾಕಿಸಿದ. ಕೊನೆಯಲ್ಲಿ ಇಂಗ್ಲಿಷಿನಲ್ಲಿ ಇರುವೆ ಸಾಲಿನಂತೆ ಷರತ್ತುಗಳಿದ್ದವು. ಸೆಂಟರಿನವನು "ಒಪ್ಪಿಗೆ" ಎಂಬಲ್ಲಿ ಒತ್ತಿದ. ಓದುವ ಪುರುಸೊತ್ತು ಅವನಿಗೂ ಇರಲಿಲ್ಲ, ಇವನಿಗೂ ಇರಲಿಲ್ಲ.

ಮೆಷಿನ್ ಬಂತು. ಹಾಕಿದ ಮೊದಲ ದಿನ ಒಗ್ಗರಣೆಯ ಚಟಪಟ ಕೇಳಿ ಇಂಪನಾ ಬೆಚ್ಚಿ ಅಮ್ಮನ ಸೀರೆ ಹಿಡಿದುಕೊಂಡಳು. ಸಮತಾ ನಕ್ಕಳು, ಆಮೇಲೆ ಅತ್ತಳು. ತಿಂಗಳು ತುಂಬುವುದರೊಳಗೆ ಮೆಷಿನ್ ಸತ್ತುಹೋಯಿತು. ಬ್ಯಾಟರಿ ಬದಲಾಯಿಸಿದರೂ ಉಸಿರಿಲ್ಲ.

ಅದೇ ವಾರ ಇಂಪನಾ ಕೈ ಬಿಡಿಸಿಕೊಂಡು ರಸ್ತೆಗೆ ಇಳಿದಳು. ಬಿದಿರಿನ ಲಾರಿ ಹಾರ್ನ್ ಒತ್ತುತ್ತಲೇ ಬಂತು. ಮಗು ತಿರುಗಿ ನೋಡಲಿಲ್ಲ. ಡ್ರೈವರು ಬ್ರೇಕ್ ತುಳಿದ. ಲಾರಿ ಅವಳ ಲಂಗದ ಹತ್ತಿರ ಬಂದು ನಿಂತಿತು. ಸಮತಾಳಿಗೆ ಮಗಳನ್ನು ಎತ್ತಿಕೊಂಡದ್ದು ನೆನಪಿದೆ, ಮನೆಗೆ ಹೇಗೆ ಬಂದಳೋ ನೆನಪಿಲ್ಲ. ಅಂದಿನಿಂದ ಅವಳು ಬಾಗಿಲಿಗೆ ಚಿಲಕ ಹಾಕಿಕೊಂಡೇ ಅಡುಗೆ ಮಾಡುತ್ತಿದ್ದಳು.

ಕಂಪನಿಗೆ ಇ-ಮೇಲ್ ಹೋಯಿತು. ಮೆಷಿನ್ ಬದಲಾಯಿಸಿ ಕೊಡದಿದ್ದರೆ ಗ್ರಾಹಕರ ವೇದಿಕೆಗೆ ದೂರು ಕೊಡುತ್ತೇವೆ ಎಂದು ಸೈಬರ್ ಸೆಂಟರಿನವನೇ ಒಂದು ಸಾಲು ಖಾರವಾಗಿ ಸೇರಿಸಿದ. ಅದಕ್ಕೆ ಬಂದ ಉತ್ತರ ಇನ್ನೂ ಖಾರವಾಗಿತ್ತು. ನೀವು ಒಪ್ಪಿರುವ ಷರತ್ತಿನಂತೆ ಈ ವ್ಯವಹಾರಕ್ಕೆ ಸಿಂಗಪುರದ ಕಾನೂನು ಅನ್ವಯಿಸುತ್ತದೆ. ತಕರಾರು ಏನಿದ್ದರೂ ದೆಹಲಿಯ ನ್ಯಾಯಾಲಯದಲ್ಲಿ ಮಾತ್ರ. ಬೇರೆ ಊರಿನಲ್ಲಿ ದೂರು ಕೊಟ್ಟರೆ ಖರ್ಚನ್ನೆಲ್ಲ ನಿಮ್ಮಿಂದಲೇ ವಸೂಲಿ ಮಾಡುತ್ತೇವೆ. ತಪ್ಪು ಮಾಹಿತಿ ಕೊಟ್ಟವರ ಮೇಲೆ ಕ್ರಮ ಜರುಗಿಸುತ್ತೇವೆ. ಜೊತೆಗೆ, ನಮ್ಮದೇನೂ ತಕರಾರಿಲ್ಲ ಎಂದು ಸಹಿ ಹಾಕಿ ಕಳಿಸಲು ಒಂದು ಕಾಗದ.

ಸೆಂಟರಿನವನು ಓದಿ ಹೇಳಿದ್ದನ್ನು ಕೇಳಿಕೊಂಡು ಕಾಂತರಾಜ್ ಕಾಗದ ಹಿಡಿದು ಮನೆಗೆ ಬಂದ.

"ತಪ್ಪು ಮಾಹಿತಿ ಅಂದ್ರೆ ವಿಳಾಸದ್ದೇ ಕಣೇ. ಭಾವನ ಅಂಗಡೀನ ನಮ್ಮನೆ ಅಂತ ಹಾಕಿಸಿದೀನಿ. ಅವರಿಗೆ ಗೊತ್ತಾಗಿದೆ."

"ಎಲ್ಲರೂ ಹಂಗೇ ಹಾಕಿಸ್ತಾರಲ್ಲ?"

"ಎಲ್ಲರಿಗೂ ಈ ಕಾಗದ ಬಂದಿಲ್ಲ ಮಾರಾಯ್ತಿ, ನಮಗೆ ಬಂದಿದೆ. ನಾಳೆ ದೆಹಲಿಯಿಂದ ಸಮನ್ಸು ಗೇಟಿಗೇ ಬಂದ್ರೆ ಕಂಟ್ರಾಕ್ಟರು ನನ್ನ ಒಳಗೆ ಬಿಡ್ತಾನಾ? ಸಹಿ ಹಾಕಿ ಕಳಿಸಿಬಿಡ್ತೀನಿ."

"ಸಹಿ ಹಾಕಿದ್ರೆ ಇವಳ ಗತಿ?"

ಕಾಂತರಾಜ್ ಮಗಳ ಕಡೆ ನೋಡದೆ ಪೆನ್ನು ಹುಡುಕತೊಡಗಿದ. ಅವನು ಕೆಟ್ಟವನಲ್ಲ, ಹೆದರಿದವನು. ಸಮತಾಳಿಗೂ ಹೆದರಿಕೆಯಿತ್ತು. ದೆಹಲಿ ಎಂದರೆ ಅವಳಿಗೆ ರೇಡಿಯೋದಲ್ಲಿ ಕೇಳಿದ ಊರು. ಅಲ್ಲಿ ಯಾವ ಭಾಷೆಯಲ್ಲಿ ಏನೆಂದು ಹೇಳುವುದು? ಆದರೂ ಲಾರಿಯ ಹೆದರಿಕೆ ದೆಹಲಿಯ ಹೆದರಿಕೆಗಿಂತ ಒಂದು ಕೈ ಮೇಲಿತ್ತು. "ಭಾವನಿಗೂ ಒಂದು ಮಾತು ಹೇಳಿ. ಅವರ ಅಂಗಡಿ ಹೆಸರೂ ಅದರಲ್ಲಿದೆ" ಎಂದು ಗಂಡನನ್ನು ಬಸ್ಸು ಹತ್ತಿಸಿದಳು. ಮಗುವನ್ನು ಕಟ್ಟಿಕೊಂಡು ತಾನೂ ಹತ್ತಿದಳು.

ಅಂಗಡಿಯಲ್ಲಿ ಪ್ರಕಾಶ್ ಕಾಗದ ನೋಡಿ ಅವರಿಗಿಂತ ಹೆಚ್ಚು ಗಾಬರಿಯಾದ. "ಏ ಮಾರಾಯ, ನನ್ನ ಅಂಗಡಿ ಲೈಸೆನ್ಸಿಗೆ ಏನಾದ್ರೂ ಬಂದ್ರೆ?" ಎಂದು ಸ್ಕ್ರೂ ಡ್ರೈವರ್ ಕೆಳಗಿಟ್ಟ. ಅಷ್ಟರಲ್ಲಿ ರಿಪೇರಿಯಾದ ಮಿಕ್ಸಿ ಒಯ್ಯಲು ಸುಮನಾ ಬಂದರು. ಅದೇ ರಸ್ತೆಯಲ್ಲಿ ಮನೆ ಇರುವ ವಕೀಲರು. ಗ್ರಾಹಕರ ವೇದಿಕೆಯಲ್ಲಿ ದೂರುಗಳನ್ನು ನಡೆಸುತ್ತಿದ್ದರು, ಸ್ತ್ರೀಶಕ್ತಿ ಸಂಘಗಳಿಗೆ ಹೋಗಿ ತಿಳಿವಳಿಕೆಯನ್ನೂ ಹೇಳುತ್ತಿದ್ದರು. ಮೂವರ ಮುಖವೂ ಒಂದೇ ಥರ ಇದ್ದದ್ದು ನೋಡಿ, ಏನಾಯಿತು ಎಂದು ಕೇಳಿ, ಕಾಗದವನ್ನು ನಿಂತಲ್ಲೇ ಓದಿದರು.

"ಇದಕ್ಕೆ ಸಹಿ ಹಾಕಿಲ್ಲ ತಾನೆ?"

"ಇವತ್ತು ಹಾಕೋಣ ಅಂತಿದ್ದೆ ಮೇಡಂ," ಎಂದ ಕಾಂತರಾಜ್.

"ಹಾಕಬೇಡಿ. ಇದರಲ್ಲಿ ಎರಡು ಬೇರೆ ಬೇರೆ ಮಾತಿದೆ. ಯಾವ ದೇಶದ ಕಾನೂನು ಅನ್ನೋದು ಒಂದು, ಯಾವ ಊರಿನ ಕೋರ್ಟು ಅನ್ನೋದು ಇನ್ನೊಂದು. ಎರಡನ್ನೂ ಅವರೇ ಬರಕೊಂಡಿದಾರೆ. ನಿಮ್ಮನ್ನ ಕೇಳಿದ್ರಾ?"

"ಒಪ್ಪಿಗೆ ಅಂತ ಒತ್ತಿದೀವಲ್ಲ ಮೇಡಂ."

"ಒತ್ತಿದೀರಿ. ಅದಕ್ಕೇ ಅವರು ಅದನ್ನ ಹಿಡಕೊಂಡು ವಾದ ಮಾಡ್ತಾರೆ, ಮಾಡ್ಲಿ. ಆದ್ರೆ ಈ ದೇಶದಲ್ಲಿ ಆಫೀಸ್ ಇಟ್ಟುಕೊಂಡು, ಈ ದೇಶದವರಿಗೆ ಸಾಮಾನು ಮಾರಿ, ಇಲ್ಲಿನ ಗ್ರಾಹಕರ ಕಾಯ್ದೆ ನಮಗೆ ಬೇಡ ಅನ್ನಕ್ಕಾಗಲ್ಲ. ದೂರು ಎಲ್ಲಿ ಕೊಡಬಹುದು ಅನ್ನೋದನ್ನ ಆ ಕಾಯ್ದೆನೇ ಹೇಳುತ್ತೆ. ಕಂಪನಿ ಆಫೀಸ್ ಇರೋ ಕಡೆ ಕೊಡಬಹುದು. ವ್ಯವಹಾರದ ಒಂದು ಭಾಗ ಎಲ್ಲಿ ನಡೆದಿದೆಯೋ ಅಲ್ಲೂ ಕೊಡಬಹುದು. ಡಿ.ಡಿ. ಎಲ್ಲಿ ತೆಗೆದ್ರಿ?"

"ಭದ್ರಾವತೀಲಿ."

"ಮೆಷಿನ್ ಎಲ್ಲಿ ಬಂದು ತಲುಪಿತು?"

ವಿಳಾಸದ ವಿಷಯವನ್ನು ಸಮತಾಳೇ ಒಪ್ಪಿಕೊಂಡಳು. "ಈ ಅಂಗಡಿಗೆ ಮೇಡಂ. ನಮ್ಮನೆ ಅಂತ ಸುಳ್ಳು ಹಾಕಿಸಿದ್ವಿ. ಅದಕ್ಕೇ ಕೇಸು ಹಾಕ್ತಾರಂತೆ."

ಸುಮನಾ ಮಿಕ್ಸಿಯನ್ನು ಕೆಳಗಿಟ್ಟು ನಕ್ಕುಬಿಟ್ಟರು. "ನೆಂಟರ ಅಂಗಡಿಗೆ ಪಾರ್ಸೆಲ್ ತರಿಸ್ಕೊಂಡ್ರೆ ಯಾವ ಮೋಸ ಆಯ್ತಮ್ಮ? ಯಾರಿಗೆ ನಷ್ಟ ಆಯ್ತು? ದುಡ್ಡು ನಿಮ್ಮದು, ಹೆಸರು ನಿಮ್ಮದು. ಭದ್ರಾವತಿನೂ ಇದೇ ಜಿಲ್ಲೆ, ಸವಳಂಗ ರಸ್ತೆನೂ ಇದೇ ಜಿಲ್ಲೆ. ಎರಡಕ್ಕೂ ಇರೋದು ಶಿವಮೊಗ್ಗದ ವೇದಿಕೆ ಒಂದೇ. ಕೊರಿಯರ್ ಚೀಟಿ, ಆ ಡಬ್ಬಿ ಇಟ್ಟಿದೀರಾ?"

"ನಾನು ಬಿಸಾಕಿಲ್ಲ," ಎಂದ ಪ್ರಕಾಶ್. ಅಂಗಡಿಯಲ್ಲಿ ಏನನ್ನೂ ಬಿಸಾಡದ ಅವನ ಅಭ್ಯಾಸಕ್ಕೆ ಹೆಂಡತಿಯಿಂದ ದಿನಾ ಬೈಗುಳ. ಅಂದು ಮಾತ್ರ ಎದೆಯುಬ್ಬಿಸಿ ಅಟ್ಟದಿಂದ ಡಬ್ಬಿ ಇಳಿಸಿದ.

"ಗೆದ್ದೇ ಗೆಲ್ತೀವಾ ಮೇಡಂ?" ಎಂದ ಕಾಂತರಾಜ್.

"ಹಾಗಂತ ನಾನು ಬರಕೊಡಲ್ಲ. ತೀರ್ಮಾನ ಮಾಡೋದು ವೇದಿಕೆ. ಇವರಿಗೆ ದೆಹಲೀಲಿ ಆಫೀಸ್ ಇರೋದು ನಮ್ಮ ಪುಣ್ಯ. ಹೊರದೇಶದ ಕಂಪನಿಯಾಗಿ ಇಲ್ಲಿ ಏನೂ ಇಲ್ಲದಿದ್ರೆ, ಆದೇಶ ಸಿಕ್ಕಿದ್ರೂ ಜಾರಿ ಮಾಡಿಸೋದು ಬಲು ಕಷ್ಟ. ಆದ್ರೆ ಹೆದರಿ ಸಹಿ ಹಾಕಿದ್ರೆ ಸೋಲು ಗ್ಯಾರಂಟಿ. ವಕೀಲರೇ ಬೇಕು ಅಂತಿಲ್ಲ, ದೂರನ್ನ ಕನ್ನಡದಲ್ಲಿ ನೀವೇ ಬರೀಬಹುದು. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ."

ಕಾಂತರಾಜ್ ಹೆಂಡತಿಯ ಮುಖ ನೋಡಿದ. ಸಮತಾ ಕಂಪನಿಯ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು, ಮಡಚಿ, ಚೀಲಕ್ಕೆ ಹಾಕಿದಳು. "ನನ್ನ ಹೆಸರಲ್ಲೇ ದೂರು ಕೊಡ್ತೀನಿ. ಮೆಷಿನ್ ತರಿಸಿದ್ದು ನನ್ನ ಮಗಳಿಗೆ. ಗೇಟಿಗೆ ಸಮನ್ಸು ಬರೋದಾದ್ರೆ ನಮ್ಮನೆ ಬಾಗಿಲಿಗೆ ಬರ್ಲಿ, ನಾನು ತಗೋತೀನಿ."

ಹಾಗೆಂದ ಮಾತ್ರಕ್ಕೆ ಹೆದರಿಕೆ ಓಡಿಹೋಗಲಿಲ್ಲ. ದೂರು ಕೊಟ್ಟು, ಶಿವಮೊಗ್ಗದ ವೇದಿಕೆಯಲ್ಲಿ ವಿಚಾರಣೆಗೆ ಕರೆದ ದಿನ ಅವಳು ತಿಂಡಿಯನ್ನೂ ತಿನ್ನದೆ ಮೊದಲ ಬಸ್ಸಿಗೇ ಹೊರಟಳು. ಕಂಪನಿಯ ಪರವಾಗಿ ಬಂದ ಕರಿಕೋಟಿನ ವಕೀಲರು, ಷರತ್ತಿನಲ್ಲಿ ದೆಹಲಿ ಎಂದಿದೆ, ಸಿಂಗಪುರ ಎಂದಿದೆ, ಈ ವೇದಿಕೆಗೆ ಅಧಿಕಾರವಿಲ್ಲ ಎಂದು ಬಹಳ ಹೊತ್ತು ಇಂಗ್ಲಿಷಿನಲ್ಲಿ ಹೇಳಿದರು. ಸಮತಾಳಿಗೆ ದೆಹಲಿ ಎಂಬುದಷ್ಟೇ ತಿಳಿಯುತ್ತಿತ್ತು. ಅದು ಕಿವಿಗೆ ಬಿದ್ದಾಗಲೆಲ್ಲ ಚೀಲದಲ್ಲಿದ್ದ ರಸೀದಿಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಇಂಪನಾ ಏನೂ ಕೇಳಿಸದೆ ಅವಳ ತೊಡೆಯ ಮೇಲೆ ಕಾಲಾಡಿಸುತ್ತಿದ್ದಳು.

ವೇದಿಕೆಯ ಅಧ್ಯಕ್ಷರು ಎಲ್ಲವನ್ನೂ ಕೇಳಿಸಿಕೊಂಡು ಕನ್ನಡದಲ್ಲಿ ಒಂದೇ ಪ್ರಶ್ನೆ ಹಾಕಿದರು. "ಸಾಮಾನು ಮಾರೋವಾಗ ನಿಮ್ಮ ಕಂಪನಿ ಇವರನ್ನ ದೆಹಲಿಗೆ ಬನ್ನಿ ಅಂದಿತ್ತಾ?"

"ಇಲ್ಲ ಸ್ವಾಮಿ. ಕೊರಿಯರಲ್ಲಿ ಕಳಿಸಿದ್ವಿ."

"ಎಲ್ಲಿಗೆ?"

ಆ ವಕೀಲರು ಕಡತ ತಿರುವಿ ನೋಡಿದರು. "ಶಿವಮೊಗ್ಗಕ್ಕೆ."

ದೂರನ್ನು ಇಲ್ಲೇ ಕೇಳುತ್ತೇವೆ ಎಂದು ಆದೇಶವಾಯಿತು. ಅದಾದ ಮೇಲೆ ಕಂಪನಿ ಹೆಚ್ಚು ಎಳೆದಾಡದೆ ಹೊಸ ಮೆಷಿನ್ ಕಳಿಸಿತು. ಆದರೆ ಅಷ್ಟು ತಿಂಗಳು ಮಗು ಮಾತು ಕಲಿಯದೆ ಕಳೆಯಿತಲ್ಲ, ಅದನ್ನು ಯಾವ ಕೊರಿಯರೂ ತಂದುಕೊಡುವುದಿಲ್ಲ. ಆ ಕಾಗದಕ್ಕೆ ಬೆದರಿ ಸಹಿ ಹಾಕಲು ಹೊರಟಿದ್ದನ್ನು ನೆನೆದು ಸಮತಾ ಈಗಲೂ ಕಣ್ಣೊರೆಸಿಕೊಳ್ಳುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಇನ್ನು ನಿಮ್ಮ ಮಾತು. ಕಂಪ್ಯೂಟರಿನಲ್ಲಿ ಏನನ್ನಾದರೂ ಕೊಳ್ಳುವ ಮೊದಲು ಷರತ್ತುಗಳ ಕೊನೆಯ ಸಾಲುಗಳನ್ನು ಓದಿ, ಬಾರದಿದ್ದರೆ ಓದಿಸಿ: ಯಾವ ದೇಶದ ಕಾನೂನು, ಯಾವ ಊರಿನ ಕೋರ್ಟು ಎಂದಿದೆ ನೋಡಿ. ಮಾರುವವರಿಗೆ ನಮ್ಮ ದೇಶದಲ್ಲಿ ಆಫೀಸ್ ಇದೆಯೇ ವಿಚಾರಿಸಿ. ಇಲ್ಲದಿದ್ದರೆ ಎರಡು ಸಲ ಯೋಚಿಸಿ. ಆರ್ಡರಿನ ಪ್ರಿಂಟು, ಹಣ ಕಟ್ಟಿದ ರಸೀದಿ, ಪಾರ್ಸೆಲ್ಲಿನ ಚೀಟಿ ಜೋಪಾನವಾಗಿಡಿ. ದೂರದ ಊರಿನ ಹೆಸರು ಹೇಳಿ ಯಾರಾದರೂ ಹೆದರಿಸಿದರೆ ಹೆದರಿಕೆಯಾಗುವುದು ಸಹಜ, ನಾಚಿಕೆ ಬೇಡ. ಆ ಹೆದರಿಕೆಯಲ್ಲಿ ಸಹಿ ಮಾತ್ರ ಹಾಕಬೇಡಿ. ಕಾಗದವನ್ನು ಚೀಲಕ್ಕೆ ಹಾಕಿಕೊಂಡು ನಿಮ್ಮ ಜಿಲ್ಲೆಯ ಗ್ರಾಹಕರ ವೇದಿಕೆಗೆ (ಈಗ ಅದರ ಹೆಸರು ಗ್ರಾಹಕರ ಆಯೋಗ) ಬನ್ನಿ. ಅದಕ್ಕೆ ರೈಲು ಹತ್ತಬೇಕಾಗಿಲ್ಲ.