ಶಾಶ್ವತವಾಗಿ ಅಳಿಸಬೇಕೇ?

ನಾನು ಒಂದು ಹಾರ್ಡ್ ಡಿಸ್ಕ್. ಕಂಪ್ಯೂಟರಿನ ಹೊಟ್ಟೆಯೊಳಗೆ ಗರಗರ ತಿರುಗುವ ಸಾಮಾನು. ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ. ಒಂದು ಕಣ ಧೂಳು ಬಿದ್ದರೂ ನಾನು ಕೆಟ್ಟೆ ಎಂದು ಅಲ್ಲಿನವರು ಮುಖ ಮುಚ್ಚಿಕೊಂಡು ನನ್ನನ್ನು ಜೋಡಿಸಿದರು. ಬಂದು ಬಿದ್ದದ್ದು ಎಲ್ಲಿಗೆ? ಗದಗಿಗೆ! ಇಲ್ಲಿ ಧೂಳಿಗೇನು ಬರ?

ಮೊದಲು ಒಂದು ಕಾಲೇಜಿನಲ್ಲಿದ್ದೆ. ಹುಡುಗರು ನನ್ನ ಮೇಲೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಏನೇನೋ ಬರೆದು, ಅಳಿಸಿ, ಸಾಕುಬೇಕು ಮಾಡಿದರು. ಹಳೆಯದಾದೆನೆಂದು ಹರಾಜಿಗಿಟ್ಟಾಗ ಕಂಪ್ಯೂಟರ್ ಸಮೇತ ನನ್ನನ್ನು ಎತ್ತಿಕೊಂಡು ಹೋದವರು ಚನ್ನವೀರಪ್ಪ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಲೇ ಮುದುಕರಾದವರು, ಈಗ ಮನೆಯಲ್ಲೇ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದರು. ಕನ್ನಡದ ಹುಚ್ಚು ಎಷ್ಟೆಂದರೆ, ಕಂಪ್ಯೂಟರಿನ ಮೆನುವನ್ನೆಲ್ಲ ಕನ್ನಡಕ್ಕೆ ತಿರುಗಿಸಿಬಿಟ್ಟರು. ತೆರೆ, ಮುಚ್ಚು, ಉಳಿಸು, ಅಳಿಸು.

"ನೋಡಿಲ್ಲೆ, ಮಷೀನು ನಮ್ಮ ಮಾತು ಕಲೀತು" ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದರು.

"ಹೌದ್ರಿ, ನೀವಷ್ಟ ನನ್ನ ಮಾತು ಕೇಳೂದು ಕಲೀಲಿಲ್ಲ" ಎಂದಳು ನೀಲವ್ವ. ಬಾಯಿ ಜೋರು, ದನಿ ಜೇನು.

ಅಂಥವಳ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು. ಮಗಳು ಶಾಂತಾ ಆಗ ಬಸುರಿ. ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವಾಗ ಅಜ್ಜಿ ಜೋಗುಳ ಹಾಡದಿದ್ದರೆ ಹೇಗೆ? ಆಸ್ಪತ್ರೆಗೆ ಹೊರಡುವ ಮುಂಜಾನೆ ನೀಲವ್ವ ನನ್ನೆದುರು ಮೈಕು ಹಿಡಿದು ಕುಳಿತಳು. "ಇವ್ರ, ಚಾಲೂ ಆತೇನ್ರಿ? ಹಾಡ್ಲೇನು?" ಎಂದು ಕೇಳಿ, ನಡುನಡುವೆ ಕೆಮ್ಮುತ್ತ, ಇಡೀ ಜೋಗುಳ ಹಾಡಿದಳು. ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಜೀವಮಾನವೆಲ್ಲ ಕಸ ಹೊತ್ತ ನನಗೆ ಅದೊಂದೇ ಹೆಮ್ಮೆ.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಶಾಂತಾ ಹೆಣ್ಣುಮಗು ಹೆತ್ತಳು.

ತೊಟ್ಟಿಲ ಶಾಸ್ತ್ರದ ಹಿಂದಿನ ದಿನ ಚನ್ನವೀರಪ್ಪ ಹಾಡನ್ನು ಪೆನ್ ಡ್ರೈವಿಗೆ ಹಾಕಲು ಕುಳಿತರು. ಕಣ್ಣಲ್ಲಿ ಪೊರೆ, ಅಕ್ಷರ ಸಣ್ಣದು. ಉಳಿಸು ಎಂದುಕೊಂಡು ಅಳಿಸು ಒತ್ತಿದರು. "ಶಾಶ್ವತವಾಗಿ ಅಳಿಸಬೇಕೇ?" ಎಂಬ ಪ್ರಶ್ನೆ ಬಂತು. ಅವರು ಓದಿಕೊಂಡದ್ದು "ಶಾಶ್ವತವಾಗಿ ಉಳಿಸಬೇಕೇ?" ಎಂದು.

"ಅದನ್ನೇನ್ ಕೇಳ್ತೀಯೋ ಮಾರಾಯಾ!" ಎಂದು ನಗುತ್ತ "ಹೌದು" ಒತ್ತಿದರು. ಊರಿನವರ ತಪ್ಪಕ್ಷರಗಳನ್ನೆಲ್ಲ ತಿದ್ದಿದ ಮನುಷ್ಯ!

ಹಾಡು ಮಾಯವಾದದ್ದು ಕಂಡು ಪೆನ್ ಡ್ರೈವ್ ಕಿತ್ತು ಮತ್ತೆ ಚುಚ್ಚಿ ನೋಡಿದರು, ಅಲ್ಲೂ ಇರಲಿಲ್ಲ. ಕಂಪ್ಯೂಟರ್ ರಿಪೇರಿ ಮಾಡುವ ಮೌನೇಶನಿಗೆ ಫೋನ್ ಹಚ್ಚಿದರು.

"ಕಾಕಾರ, ಮೊದಲ ಮಷೀನ್ ಬಂದ್ ಮಾಡ್ರಿ. ಅದರಾಗ ಏನೂ ಹೊಸಾದು ಹಾಕಬ್ಯಾಡ್ರಿ. ನಾ ಹುಬ್ಬಳ್ಳ್ಯಾಗ ಅದೀನಿ. ನಾಳೆ ಸಂಜೀಕ ಬಂದು ಡಿಸ್ಕ್ ಬಿಚ್ಚಿ, ಬ್ಯಾರೆ ಮಷೀನಿಗೆ ಹಚ್ಚಿ ತಗದು ಕೊಡ್ತೀನಿ."

ಅವನು ಹೇಳಿದ್ದು ಖರೆ. ಅಳಿಸಿಹೋದದ್ದು ಹಾಡಿನ ಹೆಸರು ಮಾತ್ರ. ಮನೆಗೆ 'ಬಾಡಿಗೆಗೆ ಇದೆ' ಎಂದು ಬೋರ್ಡು ಹಾಕಿದಂತೆ, ಆದರೆ ಒಳಗೆ ಸಾಮಾನೆಲ್ಲ ಇದ್ದಲ್ಲೇ ಇತ್ತು. ನೀಲವ್ವನ ಕೆಮ್ಮು ಸಹಿತ ನನ್ನಲ್ಲಿತ್ತು.

ಆದರೆ ತೊಟ್ಟಿಲು ಮುಂಜಾನೆ. ಸಂಜೆತನಕ ಕಾಯುವುದು ಹೇಗೆ? ಕಳೆದ ಫೈಲು ಹುಡುಕುವ ಸಾಫ್ಟ್‌ವೇರನ್ನು ಅವರು ನನ್ನ ಮೇಲೆಯೇ ಇಳಿಸಿಕೊಂಡರು. ಅದು ಹಳೆಯ ಲಗ್ನಪತ್ರಿಕೆ, ಹುಡುಗರ ಪಾಠ, ಸಿಕ್ಕಿದ್ದನ್ನೆಲ್ಲ ಹೆಕ್ಕಿ ಹೆಕ್ಕಿ ಮತ್ತೆ ನನ್ನ ಮೇಲೆಯೇ ತಂದು ಸುರಿಯಿತು. ಖಾಲಿ ಎಂದು ಬೋರ್ಡು ಇದ್ದಲ್ಲೇ ಸುರಿಯಿತು. ಜೋಗುಳದ ಮೇಲೆ ಯಾರದೋ ಲಗ್ನ ಬಂದು ಕೂತಿತು. ಬೇಡ, ಬೇಡ ಎಂದು ಕೂಗಬೇಕೆನಿಸಿತು. ನನಗೆಲ್ಲಿಯ ಬಾಯಿ? ಬಾಗಿಲಲ್ಲಿ ನಿಂತಿದ್ದ ನೀಲವ್ವನಿಗೂ ಇರಲಿಲ್ಲ.

ಕೊನೆಗೊಂದು ತುಣುಕು ಸಿಕ್ಕಿತು. "ಇವ್ರ, ಚಾಲೂ ಆತೇನ್ರಿ? ಹಾಡ್ಲೇನು?" ಆಮೇಲೆ ಬರೀ ಗರಗರ.

ಮರುದಿನ ತೊಟ್ಟಿಲು ತೂಗುವಾಗ ನೀಲವ್ವ ಬರೀ ತುಟಿ ಆಡಿಸಿದಳಂತೆ. ಸಂಜೆ ಮೌನೇಶ ಬಂದು ನನ್ನನ್ನು ಬಿಚ್ಚಿ ನೋಡಿ, "ಇದರಾಗ ಇನ್ನೇನೂ ಉಳಿದಿಲ್ಲರಿ, ಗುಜರಿಗೆ ಹಾಕ್ರಿ" ಎಂದ. ಚನ್ನವೀರಪ್ಪ ಹಾಕಲಿಲ್ಲ. ಅರಿವೆಯಲ್ಲಿ ಸುತ್ತಿ ಮೇಜಿನ ಡ್ರಾಯರಿನಲ್ಲಿಟ್ಟರು. ಈಗ ನನ್ನ ಮೇಲೆ ಯಾರೂ ಏನೂ ಬರೆಯುವುದಿಲ್ಲ. ಆ ಕಾಳಜಿ ಅಂದೊಂದು ದಿನ ಬೇಕಾಗಿತ್ತು.

ಆ ತುಣುಕು ಅವರ ಫೋನಿನಲ್ಲಿದೆ. ಮಧ್ಯಾಹ್ನ ಒಬ್ಬರೇ ಕುಳಿತಾಗ ಹಚ್ಚುತ್ತಾರೆ. ಅಡುಗೆಮನೆಯಲ್ಲಿ ನೀಲವ್ವ ಪಾತ್ರೆ ತಿಕ್ಕುವ ಸದ್ದು ನಿಲ್ಲುತ್ತದೆ.

"ಹಾಡ್ಲೇನು?"

"ಹಾಡು" ಎನ್ನುತ್ತಾರೆ ಚನ್ನವೀರಪ್ಪ.

ಸ್ವಲ್ಪ ಹೊತ್ತಿನ ಮೇಲೆ ಪಾತ್ರೆಯ ಸದ್ದು ಮತ್ತೆ ಶುರುವಾಗುತ್ತದೆ.