ಬಾಗಿಲು ಬಡಿದ ಮನುಷ್ಯ

ಟಿಣ್.

ಸರಿರಾತ್ರಿಯಲ್ಲಿ ಬಾಗಿಲ ಚಿಲಕಕ್ಕೆ ಬೈಕಿನ ಕೀಲಿ ಬಡಿದ ಸದ್ದು. ನೇತ್ರಾವತಿ ಅವ್ವನ ಕಡೆ ನೋಡಿದಳು, ಅವ್ವ ಗೊರಕೆಯಲ್ಲಿದ್ದಳು. ಹೊರಗಿನ ದೀಪ ಹಾಕಿ, ಬಾಗಿಲನ್ನು ಪೂರ್ತಿ ತೆರೆದಿಟ್ಟಳು. ಓಣಿಯವರು ನೋಡುವುದಾದರೆ ಅರೆಬರೆ ನೋಡುವುದು ಬೇಡ.

ಮಫ್ಲರ್ ಸುತ್ತಿಕೊಂಡು ನಿಂತಿದ್ದವರು ಪ್ರಭುರಾಜ ಸರ್. ಕೊಪ್ಪಳದಲ್ಲಿ ಟರ್ಕಿ ಭಾಷೆ ಕಲಿಸುವ ಏಕೈಕ ಮಹಾಶಯರು. ಫ್ಲೆಕ್ಸಿನಲ್ಲಿ ಕೋಟು, ಟೈ, ಗದ್ದಕ್ಕೆ ಕೈ. ಕುಷ್ಟಗಿ ಕಡೆಯ ಗ್ರಾನೈಟ್ ಕಲ್ಲು ಕೊಳ್ಳಲು ಟರ್ಕಿಯವರು ಬರತೊಡಗಿದ ಮೇಲೆ ತಮ್ಮ ಇಂಗ್ಲಿಷ್ ಕ್ಲಾಸಿನ ಬೋರ್ಡಿಗೆ ಇನ್ನೊಂದು ಸಾಲು ಬರೆಸಿದ್ದರು. ಪಾಠವೆಲ್ಲ ಇಂಗ್ಲಿಷಿನಲ್ಲೇ. ಕನ್ನಡ ಮಾತಾಡಿದವರು ಪಾಠ ಮುಗಿಯುವ ತನಕ ನಿಂತಿರಬೇಕು. ಅಲ್ಲಿ ಸಹಾಯಕಿಯಾಗಿದ್ದು, ಪುಸ್ತಕ ನೋಡಿ ತಾನೇ ಟರ್ಕಿ ಕಲಿತಿದ್ದ ನೇತ್ರಾವತಿ ಹಿಂದಿನ ಬೆಂಚಿನ ಹುಡುಗಿಯರಿಗೆ ಕನ್ನಡದಲ್ಲಿ ಪಿಸುಗುಟ್ಟಿದ್ದಕ್ಕೆ, "ಸೋಮವಾರದಿಂದ ಬರಬ್ಯಾಡ" ಎಂದು ಆ ಸಂಜೆಯಷ್ಟೇ ಎಲ್ಲರೆದುರು ಅಂದಿದ್ದರು. ಮನೆ ನಡೆಯುತ್ತಿದ್ದದ್ದು ಆ ಸಂಬಳದಿಂದ.

"ಮಲಗಿದ್ರೇನ್ರಿ ಮೇಡಂ?"

ಹಗಲು 'ಏ ನೇತ್ರಾ' ಆಗಿದ್ದವಳು ರಾತ್ರಿ ಮೇಡಂ ಆಗಿದ್ದಳು. ಕತ್ತಲಿಗೆ ಎಷ್ಟೊಂದು ಸಂಸ್ಕಾರ!

"ನಾಳೆ ಕ್ವಾರಿ ಹಂಪಣ್ಣ ಸಾಹುಕಾರ್ರು ಕ್ಲಾಸ್ ನೋಡಾಕ ಬರ್ತಾರ್ರಿ. ಛಲೋ ಅನಿಸಿದ್ರ ತಮ್ಮ ಮಂದೀನೆಲ್ಲ ಕಳಿಸ್ತಾರಂತ. ವಾಕ್ಯದಾಗ ವಾಕ್ಯ ಸೇರಿಸೋ ಪಾಠ ಐತಿ, ಇಂಗ್ಲಿಷಿನಾಗ ಯಾರಿಗೂ ತಿಳಿವಲ್ದು. ಆ ಹುಡುಗ್ಯಾರಿಗೆ ಹ್ಯಾಂಗ ಹೇಳಿದ್ರಿ?"

"ಕನ್ನಡದಾಗ ಹೇಳಿದ್ದೆ ಸರ್."

"ಹಂಗ ಹೇಳ್ರಿ."

"ಹಂಗಾರ ನಿಂತ ಕೇಳ್ರಿ. ನಿಮ್ದ ರೂಲ್ಸ್ ಐತಲ್ಲ."

ಕಟ್ಟೆಯ ಮೇಲೆ ಕೂರಲು ಬಾಗಿದವರು ನೆಟ್ಟಗಾದರು.

"ಸೋಮವಾರ ನಾ ಬರಬೇಕೋ ಬ್ಯಾಡೋ?"

"ಬರ್ರಿ ಬರ್ರಿ! ಬ್ಯಾಡ ಅಂದವರು ಯಾರು?"

ಅವಳು ಹೇಳಿಕೊಟ್ಟಳು. "ಮನಿಗೆ ಅನ್ನಾಕ 'ಎವೆ', ಮನ್ಯಾಗ 'ಎವ್ದೆ', ಮನಿಯಿಂದ 'ಎವ್ದೆನ್'. ಬಾಲ ಹಿಂದ ಹತ್ತತೈತಿ, ನಮ್ಮಂಗ. 'ಯಾವ ಮನಷ್ಯಾ ಬಾಗಿಲಾ ಬಡದನೋ ಅವನು' ಅಂತ ನಾವು ಅಂತೀವೇನ್ರಿ? 'ಬಾಗಿಲಾ ಬಡದ ಮನಷ್ಯಾ' ಅಂತೀವಿ. ಅವರೂ ಅಷ್ಟ: 'ಕಾಪುಯು ಚಾಲಾನ್ ಆದಾಮ್'."

ಮರುದಿನ ಸರ್ ಅದನ್ನೇ ಬೋರ್ಡಿನ ತುಂಬ ಬರೆದರು. ಕನ್ನಡದಲ್ಲೇ ಬಿಡಿಸಿ ಹೇಳಿದರು. ಯಾರೂ ನಿಲ್ಲಬೇಕಾಗಲಿಲ್ಲ.

"ಅಲಾ, ನಮ್ಮಂಗ ಐತಲ್ರಿ!" ಹಂಪಣ್ಣ ತೊಡೆ ತಟ್ಟಿಕೊಂಡರು. "ಎಲ್ಲಿ ಕಲ್ತ್ರಿ ಇದನ್ನ?"

"ಹದಿನೈದು ವರ್ಷದ ಸ್ವಂತ ಸಂಶೋಧನೆ ಐತ್ರಿ."

ಟರ್ಕಿ ಎಲ್ಲಿದೆಯೆಂದು ಈ ಸಂಶೋಧಕರು ನಕ್ಷೆಯಲ್ಲಿ ಹುಡುಕಿದ್ದೇ ಹೋದ ವರ್ಷ.

"ಎಲ್ಲಾ ಖರೆ ಸರ್," ಸಾಹುಕಾರರು ನಕ್ಕರು, "ಆ ಮನಷ್ಯಾ ಬಾಗಿಲಾ ಯಾಕ ಬಡದಾನು?"

ಕ್ಲಾಸೆಲ್ಲ ಗೊಳ್ಳೆಂದಿತು. ಸರ್ ಕೈಯ ಸೀಮೆಸುಣ್ಣ ಪಟ್ಟನೆ ಮುರಿಯಿತು. ಅವರ ಕಣ್ಣು ಹಿಂದಿನ ಬೆಂಚಿನ ತನಕ ತಡಕಾಡಿ ಬಂದು ನೇತ್ರಾವತಿಯ ಮುಖದ ಮೇಲೆ ಅಂಗಲಾಚುತ್ತ ನಿಂತಿತು. ಅವಳು ಸೆರಗು ಸರಿಪಡಿಸಿಕೊಂಡಳು.

ಸಂಜೆ ಅವ್ವ ಕೇಳಿದಳು: "ರಾತ್ರಿ ಯಾರರ ಬಂದಿದ್ರೇನ?"

"ಬೆಕ್ಕು ಬಂದಿತ್ತವ್ವಾ."

ಹೇಳಿದರೆ ಊರಿಗೆ ಒಂದು ದಿನದ ನಗೆ, ತನ್ನ ಕೆಲಸಕ್ಕೆ ಸಂಚಕಾರ. ಹೇಳದಿದ್ದರೆ ಆ ಮನುಷ್ಯನಿಗೆ ದಿನಾ ಬೆಳಿಗ್ಗೆ ಅಂಜಿಕೆ. ಯಾರಿಗೂ ಹೇಳಬಾರದೆಂದು ನೇತ್ರಾವತಿ ನಿರ್ಧರಿಸಿದಳು.